ಹೊರನಾಡಿನಲ್ಲಿ ಬ್ಯಾಸ್ಕೆಟ್‌ಬಾಲ್ ವೃತ್ತಿ

ಸ್ವದೇಶದ ಕ್ಲಬ್ಬನ್ನೋ ಕಚೇರಿಯ ತಂಡವನ್ನೋ ಬಿಟ್ಟು, ಅನ್ಯದೇಶದ ಲೀಗೊಂದರಲ್ಲಿ ನಿಯತ ಅವಧಿಯ ಕರಾರಿಗೆ ರುಜು ಹಾಕಿ, ವೇತನಕ್ಕಾಗಿ ಬ್ಯಾಸ್ಕೆಟ್‌ಬಾಲ್ ಆಡುವವರ ಜೀವಿತಕ್ರಮವನ್ನು ಈ ಶೀರ್ಷಿಕೆಯ ಅಡಿಯಲ್ಲಿ ನಿರೂಪಿಸಲಾಗಿದೆ. ಪತ್ರಿಕೆಗಳಲ್ಲಿ ಹೆಸರು ಕಾಣಿಸುವ ಕೋಟ್ಯಂತರ ಡಾಲರುಗಳ ಆಟಗಾರರು ಈ ಸಮುದಾಯದ ನೆತ್ತಿಯ ಮೇಲಿನ ಕೆಲವರೇ ಹೊರತು ಅದರ ಒಡಲಲ್ಲ. ಲಿಥುವೇನಿಯ, ಟರ್ಕಿ, ಜಪಾನ್, ಆಸ್ಟ್ರೇಲಿಯ ಮೊದಲಾದ ನಾಡುಗಳ ಮಧ್ಯಮ ಗಾತ್ರದ ಊರುಗಳಲ್ಲಿ ವರ್ಷಕ್ಕೊಮ್ಮೆ ಮನೆ ಬದಲಿಸುತ್ತ, ಗಂಟಲಿಗೆ ಒಗ್ಗದ ಭಾಷೆಯಲ್ಲಿ ದಿನಸಿ ಕೊಳ್ಳುತ್ತ, ಮುಂದಿನ ಸಾಲಿನ ಕರಾರು ಬಂದೀತೋ ಬಾರದೋ ಎಂಬ ಸಂದೇಹವನ್ನು ಜೊತೆಯಲ್ಲಿಟ್ಟುಕೊಂಡು ಬಾಳುವವರೇ ಇದರ ಬಹುಸಂಖ್ಯಾತರು. ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ನಿಂತು ನೋಡುವವರಿಗೆ ಈ ವೃತ್ತಿ ಎರಡು ಬಗೆಯಲ್ಲಿ ದೂರದ್ದು: ನೆಲದಿಂದ ದೂರ ಎಂಬುದು ಒಂದು, ಇಲ್ಲಿನ ಆಟಗಾರರು ತಲೆಮಾರುಗಳಿಂದ ನೆಚ್ಚಿಕೊಂಡು ಬಂದ ಜೀವನೋಪಾಯದ ಕ್ರಮದಿಂದಲೂ ದೂರ ಎಂಬುದು ಮತ್ತೊಂದು. ಎರಡನೆಯದೇ ಹೆಚ್ಚಿನ ದೂರ.

ಆಟದ ಅಂಗಳ ಎಲ್ಲೆಡೆಯೂ ಒಂದೇ ಎಂದು ಭಾವಿಸುವುದು ಸಹಜ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಂತೆ ಅಂಗಳದ ಉದ್ದ 28 ಮೀಟರು, ಅಗಲ 15 ಮೀಟರು, ರಿಂಗಿನ ಎತ್ತರ 3.05 ಮೀಟರು, ರಾಜಾಜಿನಗರದಲ್ಲಾಗಲಿ ಮ್ಯಾಡ್ರಿಡ್ಡಿನಲ್ಲಾಗಲಿ ಈ ಅಳತೆ ಬದಲಾಗದು. ಬದಲಾಗುವುದು ಕಾಲ ಕೆಳಗಿನ ನೆಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಡೆ ಈ ಆಟಕ್ಕೆ ಕಾಲಿಡುವ ಮಕ್ಕಳು ಸಾಮಾನ್ಯವಾಗಿ ಮೊದಲು ಕಾಣುವುದು ಬಯಲಿನ ಸಿಮೆಂಟ್ ಕೋರ್ಟನ್ನು. ಮಳೆಗಾಲದ ಮುಂಜಾನೆ ಅಂಥ ಕೋರ್ಟಿನ ಬಳಿ ನಿಂತವರಿಗೆ, ರಾತ್ರಿ ನಿಂತ ನೀರನ್ನು ಹುಡುಗರಿಬ್ಬರು ಒದ್ದೆ ಗೋಣಿಚೀಲ ಎಳೆದು ಫ್ರೀ ಥ್ರೋ ಗೆರೆಯಿಂದ ಆಚೆಗೆ ತಳ್ಳುವುದೂ, ಮೈಮೇಲಿನ ಗುಳ್ಳೆಗಳೆಲ್ಲ ಸವೆದು ನುಣುಪಾದ ಚೆಂಡು ಅವರ ಕೈಯಿಂದ ಜಾರುವುದೂ, ಬಲೆ ಹರಿದುಹೋದ ರಿಂಗಿನ ಒಳಗೆ ಚೆಂಡು ಬಿದ್ದಿತೋ ಪಕ್ಕದಲ್ಲಿ ಹಾದುಹೋಯಿತೋ ಎಂದು ಐದು ನಿಮಿಷ ವಾದ ನಡೆಯುವುದೂ ಕಣ್ಣಿಗೆ ಬಿದ್ದಾವು. ಈ ನೆಲದ ಮೇಲೆ ಬೆಳೆದ ಹುಡುಗ ಉರುಳಿಹೋಗುವ ಚೆಂಡಿನ ಹಿಂದೆ ಮೈಚಾಚಿ ಬೀಳುವುದಿಲ್ಲ. ಬಿದ್ದರೆ ಮೊಣಕೈ ಚರ್ಮ ಕಿತ್ತುಬರುವುದೆಂದು ಅವನ ಮೈಗೆ ಗೊತ್ತು. ಮರದ ಹಾಸಿನ ಮೇಲೆ ಬೆಳೆದವನು ಎರಡನೆಯ ಯೋಚನೆಯಿಲ್ಲದೆ ಬೀಳುತ್ತಾನೆ. ಪರದೇಶದ ತರಬೇತುದಾರ ಹೊಸಬನಲ್ಲಿ ಮೊದಲು ಗಮನಿಸುವ ಸಂಗತಿಗಳಲ್ಲಿ ಇದೂ ಒಂದಾದುದರಿಂದ, ಎಂಟನೆಯ ತರಗತಿಯಲ್ಲಿ ಮೈಗೂಡಿದ ಎಚ್ಚರ ಇಪ್ಪತ್ತೆರಡನೆಯ ವಯಸ್ಸಿನ ಟ್ರಯಲ್ಸಿನಲ್ಲಿ ಆಲಸ್ಯವಾಗಿ ತೋರಿ ಕೈಕೊಡುವುದುಂಟು.

ನಿಯಮಗಳಲ್ಲಿಯೂ ಸಣ್ಣ ಭೇದಗಳಿವೆ. ಅಮೆರಿಕದ ಎನ್‌ಬಿಎಯಲ್ಲಿ ಪಂದ್ಯ 48 ನಿಮಿಷಗಳದು, ಉಳಿದ ಜಗತ್ತಿನಲ್ಲಿ ಬಹುಮಟ್ಟಿಗೆ 40 ನಿಮಿಷಗಳದು. ಮೂರು ಅಂಕದ ಗೆರೆ ಅಲ್ಲಿ ರಿಂಗಿನಿಂದ 7.24 ಮೀಟರು ಹಿಂದೆ, ಇಲ್ಲಿ 6.75 ಮೀಟರು. ಅರ್ಧ ಮೀಟರಿನ ಈ ಅಂತರ ಕಾಗದದ ಮೇಲೆ ಅಲ್ಪವೆನಿಸಿದರೂ, ದಿನಕ್ಕೆ ನೂರಾರು ಬಾರಿ ಒಂದೇ ದೂರದಿಂದ ಎಸೆದು ಪಳಗಿದ ಭುಜ ಹೊಸ ದೂರಕ್ಕೆ ಹೊಂದಿಕೊಳ್ಳಲು ತಿಂಗಳುಗಳು ಬೇಕು.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ ಈ ಆಟ ವೈ.ಎಂ.ಸಿ.ಎ. ಸಂಸ್ಥೆಗಳ ಮೂಲಕ ದೇಶದೇಶಗಳಿಗೆ ಹಬ್ಬಿತು. ಆ ಸಂಸ್ಥೆಯ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದ ವ್ಯಾಯಾಮ ಶಿಕ್ಷಣ ಶಾಲೆ ದಕ್ಷಿಣ ಭಾರತದಲ್ಲಿ ಅದು ಬೇರೂರಲು ಮುಖ್ಯ ಕಾರಣವಾಯಿತು. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದುದು 1934ರಲ್ಲಿ ದೆಹಲಿಯಲ್ಲಿ. ಭಾರತೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಸ್ಥಾಪನೆ 1950ರಲ್ಲಿ. ಒಲಿಂಪಿಕ್ಸಿನಲ್ಲಿ ಭಾರತ ಕಾಣಿಸಿಕೊಂಡುದು 1980ರ ಮಾಸ್ಕೋ ಕೂಟದಲ್ಲಿ ಒಮ್ಮೆ ಮಾತ್ರ. ಆದರೆ ಭಾರತದ ಬ್ಯಾಸ್ಕೆಟ್‌ಬಾಲಿನ ನಿಜವಾದ ಚರಿತ್ರೆ ಇರುವುದು ಪದಕಪಟ್ಟಿಗಳಲ್ಲಿ ಅಲ್ಲ, ನೇಮಕಾತಿ ಆದೇಶಗಳಲ್ಲಿ. ರೈಲ್ವೆ, ಬ್ಯಾಂಕು, ಸೇನೆ, ಪೊಲೀಸು ಮೊದಲಾದ ಇಲಾಖೆಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ನೇಮಿಸಿಕೊಂಡು, ಬೆಳಗ್ಗೆ ಸಂಜೆ ಅಭ್ಯಾಸಕ್ಕೆ ಬಿಟ್ಟು, ಆಟದ ಕಾಲ ಮುಗಿದ ಮೇಲೆ ಮೇಜಿನ ಮುಂದೆ ಕೂರಿಸಿ, ನಿವೃತ್ತಿಯವರೆಗೆ ಸಂಬಳ ಕೊಡುವ ಏರ್ಪಾಟು ಇದು. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕಿನ ತಂಡ, ಸೇನೆಯ ಎ.ಎಸ್.ಸಿ. ಮತ್ತು ಎಂ.ಇ.ಜಿ. ತಂಡಗಳು ಈ ಪರಂಪರೆಯಲ್ಲಿ ಹೆಸರಾದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು.

ಈ ಕ್ರಮವನ್ನು ಹಳೆಯ ಕಾಲದ ಜಡತ್ವವೆಂದು ಜರೆಯುವುದು ಈಚಿನ ಬರಹಗಾರರಲ್ಲಿ ವಾಡಿಕೆಯಾಗಿದೆ. ಆ ಮಾತನ್ನು ಪೂರ್ತಿಯಾಗಿ ಒಪ್ಪುವಂತಿಲ್ಲ. ಮೂವತ್ತೆರಡನೆಯ ವಯಸ್ಸಿಗೆ ಮಂಡಿ ಸವೆದವನಿಗೆ ಮನೆಯ ಸಾಲದ ಕಂತು ಕಟ್ಟುವುದು ಸಾಧ್ಯವಾದುದು ಈ ಏರ್ಪಾಟಿನಿಂದಲೇ. ಮಗಳು ಆಟವಾಡಲು ಊರೂರು ತಿರುಗುವುದಕ್ಕೆ ಒಪ್ಪದ ಎಷ್ಟೋ ಮನೆಗಳು ರೈಲ್ವೆಯ ನೇಮಕಾತಿ ಪತ್ರ ಕೈಸೇರಿದಾಗ ಒಪ್ಪಿದುವು. ಆದರೆ ಹೊರನಾಡಿನ ವೃತ್ತಿಯ ದಾರಿಗೆ ಅಡ್ಡವಾದುದೂ ಈ ಪತ್ರವೇ. ಎಂಟು ತಿಂಗಳ ಕರಾರಿಗಾಗಿ ಮೂವತ್ತೈದು ವರ್ಷಗಳ ನೌಕರಿಯನ್ನು ಪಣಕ್ಕಿಡುವವರು ಎಷ್ಟು ಮಂದಿ? ಇಟ್ಟರೂ ಇಲಾಖೆಯಿಂದ ರಜೆ ದೊರೆಯಬೇಕು. ತಂಡದಲ್ಲಿ ಆಡಲೆಂದೇ ನೇಮಿಸಿಕೊಂಡವನನ್ನು ಬೇರೊಂದು ದೇಶದ ತಂಡಕ್ಕೆ ಎರವಲು ಕೊಡಲು ಇಲಾಖೆ ಹಿಂದುಮುಂದು ನೋಡುವುದರಲ್ಲಿ ಆಶ್ಚರ್ಯವಿಲ್ಲ.

ಅನ್ಯ ದೇಶಗಳಲ್ಲಿಯೂ ಈ ವೃತ್ತಿ ಒಮ್ಮೆಗೇ ಸುಗಮವಾದುದಲ್ಲ. ಅಮೆರಿಕದ ಬಿಲ್ ಬ್ರಾಡ್ಲಿ 1965–66ರಲ್ಲಿ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ಯುರೋಪಿಯನ್ ಕಪ್ಪಿನ ಪಂದ್ಯಗಳಿಗೆಂದು ವಿಮಾನವೇರಿ ಮಿಲಾನ್ ತಂಡವನ್ನು ಸೇರಿಕೊಂಡು ಆಡಿ, ಆ ಸಾಲಿನ ಪ್ರಶಸ್ತಿಯನ್ನು ಗೆದ್ದವರಲ್ಲಿ ಒಬ್ಬರಾದರು. ಮುಂದೆ ಅವರು ಅಮೆರಿಕದ ಸೆನೆಟಿನ ಸದಸ್ಯರೂ ಆದರು. ಅದೇ ಮಿಲಾನಿಗೆ 1986ರಲ್ಲಿ ಬಂದ ಬಾಬ್ ಮ್ಯಾಕಡೂ, ಎನ್‌ಬಿಎಯಲ್ಲಿ ದಿನಗಳು ಮುಗಿದುವೆಂದು ಎಣಿಸಲ್ಪಟ್ಟವರು, 1987 ಮತ್ತು 1988ರಲ್ಲಿ ಎರಡು ಬಾರಿ ಯುರೋಪಿನ ಕ್ಲಬ್ ಕಿರೀಟವನ್ನು ಅಲ್ಲಿ ಪಡೆದರು. ಜೋ ಬ್ರಯಾಂಟ್ 1984ರಿಂದ ಇಟಲಿಯ ರಿಯೇತಿ, ರೆಜ್ಜೊ ಕಲಾಬ್ರಿಯ, ಪಿಸ್ಟೋಯ, ರೆಜ್ಜೊ ಎಮಿಲಿಯ ಎಂದು ಊರಿಂದೂರಿಗೆ ಹೋಗುತ್ತ ಏಳು ವರ್ಷ ಆಡಿದರು. ಆರನೆಯ ವಯಸ್ಸಿನಲ್ಲಿ ತಂದೆಯೊಡನೆ ಹೋಗಿ ಅಲ್ಲಿನ ಶಾಲೆಯಲ್ಲಿ ಇಟಾಲಿಯನ್ ಕಲಿತ ಬಾಲಕನೇ ಮುಂದೆ ಜಗದ್ವಿಖ್ಯಾತನಾದ ಕೋಬೆ ಬ್ರಯಾಂಟ್. ತಂದೆಯ ಅಲೆದಾಟ ಮಗನ ಪಾಲಿಗೆ ಪಾಠಶಾಲೆಯಾದ ಇಂಥ ಸಂದರ್ಭ ವಿರಳ. ಸಾಮಾನ್ಯವಾಗಿ ಮಕ್ಕಳ ಶಾಲೆಯ ಪ್ರಶ್ನೆಯೇ ಈ ವೃತ್ತಿಯನ್ನು ಬಹು ಜನರಿಂದ ಬಿಡಿಸುತ್ತದೆ.

ರಾಜ್ಯಶಕ್ತಿಯ ಅಪ್ಪಣೆಗಾಗಿ ಕಾದವರೂ ಉಂಟು. ಲಿಥುವೇನಿಯದ ಅರ್ವೀದಾಸ್ ಸಬೋನಿಸ್‌ರನ್ನು ಪೋರ್ಟ್‌ಲ್ಯಾಂಡ್ ತಂಡ 1986ರಲ್ಲಿಯೇ ಆಯ್ದುಕೊಂಡಿತಾದರೂ, ಸೋವಿಯತ್ ವ್ಯವಸ್ಥೆಯ ಕಟ್ಟುಪಾಡು, ತರುವಾಯ ಗಾಯಗಳು, ಸ್ಪೇನಿನಲ್ಲಿ ಕಳೆದ ವರ್ಷಗಳು ಇವೆಲ್ಲವನ್ನೂ ದಾಟಿ ಅವರು ಅಲ್ಲಿಗೆ ತಲಪಿದುದು 1995ರಲ್ಲಿ, ಮೂವತ್ತು ದಾಟಿದ ಮೇಲೆ. ಚೀನದ ಯಾವೋ ಮಿಂಗ್ 2002ರಲ್ಲಿ ಮೊದಲ ಆಯ್ಕೆಯಾಗಿ ಹ್ಯೂಸ್ಟನ್ ಸೇರುವಾಗಲೂ ಅವರ ಕ್ಲಬ್ಬಿನೊಡನೆಯೂ ಒಕ್ಕೂಟದೊಡನೆಯೂ ದೀರ್ಘ ಸಂಧಾನ ನಡೆಯಬೇಕಾಯಿತು. 1995ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಫುಟ್‌ಬಾಲ್ ಆಟಗಾರ ಬೋಸ್ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪು ಬ್ಯಾಸ್ಕೆಟ್‌ಬಾಲಿಗೂ ಅನ್ವಯಿಸಿ, ಯುರೋಪಿಯನ್ ಒಕ್ಕೂಟದೊಳಗಿನ ಆಟಗಾರರಿಗೆ ಗಡಿಗಳನ್ನು ತೆರೆಯಿತು. 2023–24ರ ಸಾಲಿನ ಆರಂಭದಲ್ಲಿ ಎನ್‌ಬಿಎ ತಂಡಗಳಲ್ಲಿ 40 ದೇಶಗಳ 125 ಮಂದಿ ವಿದೇಶೀಯರಿದ್ದರು.

ಕರಾರಿನ ಸ್ವರೂಪವನ್ನು ತುಸು ನಿಧಾನವಾಗಿ ನೋಡಬೇಕು. ಈ ವೃತ್ತಿಯ ಸುಖದುಃಖಗಳೆಲ್ಲ ಅದರ ಷರತ್ತುಗಳಲ್ಲಿ ಅಡಗಿರುತ್ತವೆ. ಯುರೋಪಿನ ಕ್ಲಬ್ಬುಗಳು ವೇತನವನ್ನು ಬಹುಮಟ್ಟಿಗೆ ತೆರಿಗೆ ಕಳೆದ ನಿವ್ವಳ ಮೊತ್ತವಾಗಿ ನುಡಿಯುತ್ತವೆ. ಅದರ ಜೊತೆಗೆ ವಾಸಕ್ಕೆ ಫ್ಲಾಟು, ಕೆಲವೆಡೆ ಓಡಾಟಕ್ಕೆ ಕಾರು, ಹೋಗಿಬರುವ ವಿಮಾನದ ಟಿಕೆಟು ಇರುತ್ತವೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಆರಂಭವಾಗುವ ಸಾಲು ಮೇ ಜೂನಿನಲ್ಲಿ ಮುಗಿದಾಗ ಫ್ಲಾಟೂ ಮುಗಿಯುತ್ತದೆ, ಕಾರೂ ಮುಗಿಯುತ್ತದೆ. ರುಜು ಹಾಕಿದ ಮಾತ್ರಕ್ಕೆ ಕರಾರು ಊರ್ಜಿತವಾಗುವುದಿಲ್ಲ. ಆಟಗಾರ ಆ ಊರಿಗೆ ಹೋಗಿ ಇಳಿದು ಕ್ಲಬ್ಬಿನ ವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಷರತ್ತು ಸಾಮಾನ್ಯ. ಇದಕ್ಕೂ ಮೊದಲು ಬಿಟ್ಟುಬಂದ ದೇಶದ ಒಕ್ಕೂಟ ಫಿಬಾದ ಕ್ರಮದಂತೆ ಬಿಡುಗಡೆ ಪತ್ರ ಕೊಟ್ಟಿರಬೇಕು. ಅದಿಲ್ಲದೆ ಹೊಸ ದೇಶದ ಒಕ್ಕೂಟ ಆಟಗಾರನನ್ನು ನೋಂದಾಯಿಸುವಂತಿಲ್ಲ. ಹದಿನೆಂಟು ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಯಂತೂ ವಿಶೇಷ ಸಂದರ್ಭಗಳ ಹೊರತು ನಿಷಿದ್ಧ. ಇಷ್ಟೆಲ್ಲ ಆಗಿಯೂ ಕ್ಲಬ್ಬಿನ ಹಣ ಬತ್ತಿ ಮೂರು ತಿಂಗಳ ಸಂಬಳ ನಿಂತುಹೋಗುವುದು ಅಪರೂಪವಲ್ಲವಾದುದರಿಂದ, ಫಿಬಾ ಜಿನೀವವನ್ನು ಪೀಠವಾಗಿಸಿ ಪಂಚಾಯಿತಿ ನ್ಯಾಯಮಂಡಲಿಯೊಂದನ್ನು ಏರ್ಪಡಿಸಿದೆ; 2007ರಿಂದ ಕೆಲಸ ಮಾಡುತ್ತಿರುವ ಆ ಮಂಡಲಿಯಲ್ಲಿ ಒಬ್ಬರೇ ಪಂಚರು ಕುಳಿತು, ಸಾಮಾನ್ಯವಾಗಿ ಯಾವುದೇ ಒಂದು ದೇಶದ ಕಾಯಿದೆಗೆ ಜೋತುಬೀಳದೆ, ಇದ್ದ ಸಂಗತಿಯನ್ನು ತೂಗಿ ತೀರ್ಪು ಹೇಳುತ್ತಾರೆ. ತೀರ್ಪಿಗೆ ಮಣಿಯದ ಕ್ಲಬ್ಬು ಹೊಸ ವಿದೇಶೀಯರನ್ನು ನೋಂದಾಯಿಸದಂತೆ ತಡೆಯುವ ಅಧಿಕಾರ ಫಿಬಾಕ್ಕೆ ಇದೆ. ನಮ್ಮ ಹಳ್ಳಿಯ ಕಟ್ಟೆಪಂಚಾಯಿತಿಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು.

ತಂಡವೊಂದಕ್ಕೆ ಇಂತಿಷ್ಟೇ ವಿದೇಶೀಯರೆಂಬ ಮಿತಿ ಬಹುತೇಕ ಎಲ್ಲ ಲೀಗುಗಳಲ್ಲಿಯೂ ಇರುವುದು ಭಾರತೀಯರ ಪಾಲಿಗೆ ಇನ್ನೊಂದು ತೊಡಕು. ಎರಡೋ ಮೂರೋ ಇರುವ ಆ ಸ್ಥಾನಗಳನ್ನು ಅಮೆರಿಕದ ಕಾಲೇಜುಗಳಲ್ಲಿ ಪಳಗಿದವರು ತುಂಬಿಬಿಡುತ್ತಾರೆ. ಜಪಾನಿನ ಬಿ.ಲೀಗ್ 2020–21ರಿಂದ ಏಷ್ಯದ ಆಟಗಾರರಿಗೆಂದು ಪ್ರತ್ಯೇಕ ಸ್ಥಾನವನ್ನು ತೆರೆದಾಗ ಚೀನ, ತೈವಾನ್, ಕೊರಿಯ, ಫಿಲಿಪೀನ್ಸ್, ಇಂಡೊನೇಷ್ಯಗಳನ್ನು ಹೆಸರಿಸಿತು. ಆ ಪಟ್ಟಿಯಲ್ಲಿ ಭಾರತವಿರಲಿಲ್ಲ.

ಸ್ತ್ರೀಯರ ವೃತ್ತಿಯಲ್ಲಿ ಹೊರನಾಡು ಆಯ್ಕೆಯ ಮಾತಾಗಿರದೆ ಅನಿವಾರ್ಯವಾಗಿ ಬಹುಕಾಲ ನಡೆದುಬಂದಿತು. 1997ರಲ್ಲಿ ಪಂದ್ಯಗಳನ್ನು ಆರಂಭಿಸಿದ ಅಮೆರಿಕದ ಡಬ್ಲ್ಯುಎನ್‌ಬಿಎ ಬೇಸಗೆಯ ಲೀಗು. ಅಲ್ಲಿನ ಸಂಬಳ ಪುರುಷರದರ ಅತ್ಯಲ್ಪ ಭಾಗವಾಗಿದ್ದುದರಿಂದ ಅಗ್ರಗಣ್ಯ ಆಟಗಾರ್ತಿಯರು ಚಳಿಗಾಲದಲ್ಲಿ ರಷ್ಯ, ಟರ್ಕಿ, ಚೀನಗಳಿಗೆ ಹೋಗಿ ದುಡಿಯುತ್ತಿದ್ದರು. ಸ್ವದೇಶದಲ್ಲಿ ಸುಮಾರು 1 ಲಕ್ಷ 7 ಸಾವಿರ ಡಾಲರು ಪಡೆಯುತ್ತಿದ್ದ ಡಯಾನ ಟೊರಾಸಿ, ಸುಮಾರು 15 ಲಕ್ಷ ಡಾಲರು ಕೊಡುತ್ತಿದ್ದ ರಷ್ಯದ ಎಕಟೆರಿನ್‌ಬರ್ಗ್ ಕ್ಲಬ್ಬು ವಿಶ್ರಾಂತಿ ಪಡೆಯೆಂದು ಕೋರಿದಾಗ, 2015ರ ಬೇಸಗೆಯಲ್ಲಿ ತನ್ನ ದೇಶದ ಲೀಗನ್ನೇ ಬಿಟ್ಟು ಕುಳಿತರು. ಅದೇ ಕ್ಲಬ್ಬಿಗೆ ಮರಳುತ್ತಿದ್ದ ಬ್ರಿಟ್ನಿ ಗ್ರೈನರ್ 2022ರ ಫೆಬ್ರವರಿಯಲ್ಲಿ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ, ಸಾಮಾನಿನಲ್ಲಿ ಗಾಂಜಾ ಎಣ್ಣೆಯಿದ್ದಿತೆಂಬ ಆಪಾದನೆಯ ಮೇಲೆ ಬಂಧಿತರಾಗಿ, ಒಂಬತ್ತು ವರ್ಷಗಳ ಶಿಕ್ಷೆಗೆ ಗುರಿಯಾಗಿ, ಡಿಸೆಂಬರಿನಲ್ಲಿ ಎರಡು ದೇಶಗಳ ನಡುವೆ ಕೈದಿಗಳ ವಿನಿಮಯವಾದಾಗ ಬಿಡುಗಡೆ ಹೊಂದಿದರು. ಎಂಟು ತಿಂಗಳ ಕರಾರಿನೊಳಗೆ ಏನೇನು ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನವಿಲ್ಲ.

ಭಾರತದಿಂದ ಈ ದಾರಿಯಲ್ಲಿ ಮೊದಮೊದಲು ಹೆಜ್ಜೆಯಿಟ್ಟವರಲ್ಲಿ ಸ್ತ್ರೀಯೊಬ್ಬರು ಇದ್ದರೆಂಬುದು ಸ್ಮರಣೀಯ. ಕೇರಳದ ಕೊಟ್ಟಾಯಂ ಕಡೆಯ ಗೀತು ಅನ್ನಾ ಜೋಸ್ ಮೊದಲು ವಾಲಿಬಾಲ್ ಆಡುತ್ತಿದ್ದವರು, ಎತ್ತರದ ಕಾರಣದಿಂದ ಬ್ಯಾಸ್ಕೆಟ್‌ಬಾಲಿಗೆ ಬಂದು, ದಕ್ಷಿಣ ರೈಲ್ವೆಯ ನೌಕರಿಯಲ್ಲಿದ್ದುಕೊಂಡೇ 2006ರಿಂದ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಬಿಗ್ ವಿ ಲೀಗಿನಲ್ಲಿ, ಮೆಲ್ಬರ್ನಿನ ಉಪನಗರದ ರಿಂಗ್‌ವುಡ್ ತಂಡಕ್ಕೆ ಆಡಿದರು. 2011ರಲ್ಲಿ ಡಬ್ಲ್ಯುಎನ್‌ಬಿಎಯ ಶಿಕಾಗೊ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊ ತಂಡಗಳು ಅವರನ್ನು ಟ್ರಯಲ್ಸಿಗೆ ಕರೆದುವು, ಕರಾರು ದೊರೆಯಲಿಲ್ಲ. ಅವರು ರೈಲ್ವೆಗೇ ಮರಳಿ ಭಾರತ ತಂಡವನ್ನು ವರ್ಷಗಳ ಕಾಲ ಹೊತ್ತರು. ನೌಕರಿಯ ಭದ್ರತೆಯೂ ಹೊರನಾಡಿನ ಸಾಹಸವೂ ಒಬ್ಬರಲ್ಲಿಯೇ ಕೂಡಿಬಂದುದು ಇಲ್ಲಿಯ ವಿಶೇಷ. 2019ರಲ್ಲಿ ಕೇರಳದವರೇ ಆದ ಪಿ. ಎಸ್. ಜೀನಾ ಅದೇ ರಿಂಗ್‌ವುಡ್ ತಂಡವನ್ನು ಸೇರಿದರು.

ಪುರುಷರಲ್ಲಿ ಹೆಸರು ಮಾಡಿದವರು ಪಂಜಾಬಿನ ಬಲ್ಲೋಕೆ ಗ್ರಾಮದ ಸತ್ನಾಮ್ ಸಿಂಗ್. ಹದಿನಾಲ್ಕನೆಯ ವಯಸ್ಸಿನಲ್ಲಿ, 2010ರಲ್ಲಿ, ಫ್ಲಾರಿಡದ ಅಕಾಡೆಮಿಯೊಂದಕ್ಕೆ ಹೋದ ಈ ಏಳಡಿ ಎರಡಂಗುಲದ ಯುವಕನನ್ನು 2015ರ ಜೂನಿನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ 52ನೆಯ ಆಯ್ಕೆಯಾಗಿ ಆರಿಸಿದಾಗ, ಎನ್‌ಬಿಎ ಆಯ್ಕೆಪಟ್ಟಿಯಲ್ಲಿ ಭಾರತದಲ್ಲಿ ಹುಟ್ಟಿದವರೊಬ್ಬರ ಹೆಸರು ಮೊದಲ ಬಾರಿಗೆ ಕೇಳಿಬಂದಿತು. ಆದರೆ ಆಯ್ಕೆಯೇ ವೃತ್ತಿಯಲ್ಲ: ಕೆಳ ಹಂತದ ಲೀಗಿನ ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿ ಎರಡು ಸಾಲು ಬಹುಪಾಲು ಬೆಂಚಿನ ಮೇಲೆ ಕಳೆದ ಅವರು ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲಿಲ್ಲ, ಮುಂದೆ ಅಮೆರಿಕದ ಕುಸ್ತಿ ಪ್ರದರ್ಶನಗಳತ್ತ ತಿರುಗಿದರು. ಅಮ್‌ಜ್ಯೋತ್ ಸಿಂಗ್ ಜಪಾನಿನಲ್ಲಿ ಆಡಿ 2017ರಲ್ಲಿ ಒಕ್ಲಹೋಮ ಸಿಟಿ ಬ್ಲೂ ತಂಡಕ್ಕೆ ಹೋದರು. ಅದೇ ವರ್ಷ ಅಮೃತ್‌ಪಾಲ್ ಸಿಂಗ್ ಸಿಡ್ನಿ ಕಿಂಗ್ಸ್ ತಂಡವನ್ನೂ, ವಾರಾಣಸಿಯ ವಿಶೇಷ್ ಭೃಗುವಂಶಿ ಅಡಿಲೇಡ್ ತಂಡವನ್ನೂ ಸೇರಿದರು. ಪ್ರಿನ್ಸ್‌ಪಾಲ್ ಸಿಂಗ್ 2021ರಲ್ಲಿ ಎನ್‌ಬಿಎಯ ಬೇಸಗೆ ಲೀಗಿನ ಪ್ರಶಸ್ತಿ ಗೆದ್ದ ಸ್ಯಾಕ್ರಮೆಂಟೊ ತಂಡದ ಪಟ್ಟಿಯಲ್ಲಿದ್ದರು. ಒಂದೊಂದು ಹೆಸರಿನ ಮುಂದೆಯೂ ಒಂದು ಸಾಲು, ಎರಡು ಸಾಲು ಎಂಬ ಅಂಕಿಯೇ ಕಾಣುವುದು. ಹತ್ತು ವರ್ಷ ನೆಲೆಯೂರಿದ ಹೆಸರು ಇನ್ನೂ ಬಂದಿಲ್ಲ.

ಕರ್ನಾಟಕದಿಂದ ಹೊರಟವರು ಹಿಡಿದುದು ಬೇರೆ ದಾರಿ, ಅದು ಕಾಲೇಜಿನದು. ಬೆಂಗಳೂರಿನ ಸಂಜನಾ ರಮೇಶ್ ಎನ್‌ಬಿಎ ಅಕಾಡೆಮಿಯ ಮಹಿಳಾ ಕಾರ್ಯಕ್ರಮದಲ್ಲಿ ಪಳಗಿ, ವಿದ್ಯಾರ್ಥಿವೇತನದ ಮೇಲೆ ಅರಿಜೋನದ ಫ್ಲಾಗ್‌ಸ್ಟಾಫ್‌ನಲ್ಲಿರುವ ನಾರ್ದರ್ನ್ ಅರಿಜೋನ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಮೆರಿಕದ ಕಾಲೇಜು ಕ್ರೀಡೆಯ ಪ್ರಥಮ ವಿಭಾಗದಲ್ಲಿ ಆಡಿದರು; ಭಾರತ ತಂಡದ ಸಮವಸ್ತ್ರವನ್ನೂ ಧರಿಸಿದರು. ಸಮುದ್ರಮಟ್ಟದಿಂದ ಸುಮಾರು 2,100 ಮೀಟರು ಎತ್ತರದಲ್ಲಿ, ಪೈನ್ ಕಾಡಿನ ನಡುವೆ ಹಿಮ ಬೀಳುವ ಆ ಊರಿನಲ್ಲಿ ಹೊಸಬರಿಗೆ ಮೊದಲ ವಾರಗಳಲ್ಲಿ ಏದುಸಿರು ಬರುವುದು ಸಹಜ. ಕಾಲೇಜು ಆಟ ಕಟ್ಟುನಿಟ್ಟಾದ ಅರ್ಥದಲ್ಲಿ ವೃತ್ತಿಯಲ್ಲ. 2021ರ ಜುಲೈಯಿಂದ ಅಲ್ಲಿನ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಗೆ ಹಣ ಪಡೆಯಬಹುದೆಂದಾಯಿತಾದರೂ, ವಿದ್ಯಾರ್ಥಿ ವೀಸಾದಲ್ಲಿರುವ ವಿದೇಶೀಯರಿಗೆ ದುಡಿಮೆಯ ನಿರ್ಬಂಧಗಳು ಅಡ್ಡಬರುತ್ತವೆ. ಆದರೂ ಕನ್ನಡ ಮನೆಗಳಿಗೆ ಈ ದಾರಿ ಒಪ್ಪಿಗೆಯಾಗುವುದಕ್ಕೆ ಕಾರಣ ಸ್ಪಷ್ಟ: ಆಟ ಕೈಬಿಟ್ಟರೂ ಪದವಿ ಕೈಯಲ್ಲಿ ಉಳಿಯುತ್ತದೆ. ರೈಲ್ವೆಯ ನೇಮಕಾತಿ ಪತ್ರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪದವಿಪತ್ರ ಮಾಡುತ್ತದೆಯಷ್ಟೆ.

ಹೊರನಾಡಿನ ಬ್ಯಾಸ್ಕೆಟ್‌ಬಾಲ್ ತಾನಾಗಿಯೇ ಬೆಂಗಳೂರಿಗೆ ಬಂದ ಸಂದರ್ಭಗಳೂ ಇವೆ. 2017ರ ಜುಲೈಯಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ಇಲ್ಲಿ ನಡೆದಾಗ, ಸರ್ಬಿಯದ ಜೊರಾನ್ ವಿಸಿಚ್ ತರಬೇತಿಯಲ್ಲಿದ್ದ ಭಾರತ ತಂಡ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೇರಿತು. ಮೊದಲ ವಿಭಾಗದಲ್ಲಿ ಜಪಾನ್ ಆಸ್ಟ್ರೇಲಿಯವನ್ನು ಒಂದೇ ಅಂಕದಿಂದ ಮಣಿಸಿತು. 2019ರಲ್ಲಿ ಅದೇ ಕೂಟ ಮತ್ತೆ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಬಂದಿತು. ಪಶ್ಚಿಮ ಬೆಂಗಳೂರಿನ ಕ್ರೀಡೆಯ ಮುಖ್ಯ ನೆಲೆಯಾದ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಕೆಂಗೇರಿಯ ಹಾದಿಯಲ್ಲಿ, ಜ್ಞಾನಭಾರತಿ ಆವರಣದಲ್ಲಿದೆ. ನಾನಾ ಕ್ರೀಡೆಗಳ ರಾಷ್ಟ್ರೀಯ ಶಿಬಿರಗಳು ಅಲ್ಲಿ ನಡೆಯುತ್ತವೆ. 2021ರ ಆಗಸ್ಟಿನಿಂದ ಮೆಟ್ರೊ ರೈಲು ಕೆಂಗೇರಿಗೆ ಓಡುತ್ತಿರುವುದರಿಂದ, ವಿಜಯನಗರದ ಹುಡುಗಿಯೊಬ್ಬಳು ಕಿಟ್ ಚೀಲ ಹೆಗಲಿಗೇರಿಸಿ ಬಸ್ಸಿಗೆ ಕಾಯದೆ ಆ ಕಡೆಗೆ ಹೋಗಬಹುದಾಗಿದೆ. 2022ರಲ್ಲಿ ಆರಂಭವಾದ ದೇಶೀಯ ಲೀಗು ಐಎನ್‌ಬಿಎಲ್‌ನ ಆರು ತಂಡಗಳಲ್ಲಿ ಬೆಂಗಳೂರು ಕಿಂಗ್ಸ್ ಒಂದಾಗಿತ್ತು. ಮೊದಲ ಸಾಲಿನ ಪ್ರಶಸ್ತಿ ಚೆನ್ನೈ ತಂಡದ ಪಾಲಾಯಿತು. ದೇಶದೊಳಗೇ ಕರಾರಿನ ಆಟ ಸ್ಥಿರವಾಗಿ ನಡೆಯುವುದಾದರೆ, ಹೊರಗೆ ಹೋಗುವವರಿಗೆ ಕೊನೆಯ ಪಕ್ಷ ಕರಾರು ಎಂದರೇನೆಂಬುದು ಮೊದಲೇ ತಿಳಿದಿರುವುದು.

ಕನ್ನಡದ ಮಕ್ಕಳು ಹೊರನಾಡಿನ ಬ್ಯಾಸ್ಕೆಟ್‌ಬಾಲಿನ ಸಮೀಪದಲ್ಲಿಯೇ ಬೆಳೆಯುತ್ತಿರುವ ಇನ್ನೊಂದು ಕ್ಷೇತ್ರವನ್ನೂ ಇಲ್ಲಿ ಹೆಸರಿಸಬೇಕು. ಅಮೆರಿಕ, ಕೆನಡಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಕಾರಿನ ಗ್ಯಾರೇಜಿನ ಮೇಲೆ ರಿಂಗು ತೂಗುಹಾಕಿಕೊಂಡು, ಮರದ ನೆಲದ ಶಾಲಾ ಅಂಗಳಗಳಲ್ಲಿ ಆಟ ಕಲಿಯುವ ಹುಡುಗ ಹುಡುಗಿಯರಿಗೆ ಸಿಮೆಂಟ್ ಕೋರ್ಟಿನ ತೊಡಕಿಲ್ಲ, ವೀಸಾದ ತೊಡಕಿಲ್ಲ, ವಿದೇಶೀಯರೆಂಬ ಮಿತಿಯೂ ಇಲ್ಲ. ಭಾರತೀಯ ಮೂಲದವರಲ್ಲಿ ಎನ್‌ಬಿಎ ಪಂದ್ಯವನ್ನು ಮೊದಲು ಆಡಿದವರು ಟೊರಾಂಟೊದಲ್ಲಿ ಹುಟ್ಟಿದ ಸಿಮ್ ಭುಲ್ಲರ್, 2015ರ ಏಪ್ರಿಲಿನಲ್ಲಿ, ಸ್ಯಾಕ್ರಮೆಂಟೊ ಕಿಂಗ್ಸ್ ತಂಡಕ್ಕಾಗಿ. ಆದರೆ 2008ರ ಅಂತ್ಯದಲ್ಲಿ ಭಾರತ ಸರ್ಕಾರ ಕೈಗೊಂಡ ನಿರ್ಧಾರದಂತೆ ದೇಶವನ್ನು ಪ್ರತಿನಿಧಿಸುವವರು ಭಾರತದ ಪೌರರೇ ಆಗಿರಬೇಕು. ಎರಡು ಪೌರತ್ವಗಳನ್ನು ಭಾರತ ಮನ್ನಿಸುವುದಿಲ್ಲ. ಬಸವೇಶ್ವರನಗರದ ಅಜ್ಜಿಯ ಮನೆಗೆ ಬೇಸಗೆಯಲ್ಲಿ ಬಂದು ಬೀದಿಯ ಹುಡುಗರೊಡನೆ ಆಡಿಹೋಗುವ ಕ್ಯಾಲಿಫೋರ್ನಿಯದ ಮೊಮ್ಮಗನು ಅವರೆಲ್ಲರಿಗಿಂತ ಎತ್ತರಕ್ಕೆ ಬೆಳೆದು ನುರಿತ ಆಟಗಾರನಾದರೂ, ಭಾರತದ ತಂಡದಲ್ಲಿ ಆಡಬೇಕಾದರೆ ಹುಟ್ಟಿನಿಂದ ಬಂದ ಅಮೆರಿಕದ ಪಾಸ್‌ಪೋರ್ಟನ್ನು ಮೊದಲು ಹಿಂದಿರುಗಿಸಬೇಕು.